ಮಾತ್ರೆಯಿಂದ ಲೂಪಸ್ ಬರುತ್ತೆ ಅಂತ ಇಲಿಗಳಲ್ಲೇ ಗೊತ್ತಾಗಬೇಕಿತ್ತಲ್ವಾ?

ಶಿಡ್ಲಘಟ್ಟದ ಓದುಗರೊಬ್ಬರು ಕೇಳಿದ್ದಾರೆ. ಲೂಪಸ್ ಅಂದರೆ ರೋಗನಿರೋಧಕ ಶಕ್ತಿ ನಮ್ಮದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಬಿಪಿಗೆ ಹೈಡ್ರಲಜೈನ್ ನುಂಗುತ್ತಿದ್ದ ಅವರ ತಾಯಿಗೆ ಎಂಟು ತಿಂಗಳಾದ ಮೇಲೆ ಕೀಲುಗಳು ಊದಿದವು. ಲೂಪಸ್ ಗುರುತಿಸಲು ನೆರವಾಗುವ ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್. ಡಾಕ್ಟರು ಮಾತ್ರೆ ಬದಲಿಸಿದರು, ಕೆಲವು ವಾರದಲ್ಲಿ ನೋವು ಇಳಿಯಿತು. "ಮಾರುಕಟ್ಟೆಗೆ ಬರೋ ಮುಂಚೆ ಪ್ರಾಣಿಗಳಲ್ಲಿ ಪರೀಕ್ಷೆ ಮಾಡ್ತಾರಲ್ವಾ? ಅಲ್ಲೇ ಯಾಕೆ ಸಿಕ್ಕಿಬೀಳಲಿಲ್ಲ?"

ಈ ಮಾತ್ರೆಯ ಲೂಪಸ್ 1950ರ ದಶಕದಿಂದಲೂ ಗೊತ್ತು. ಅದು ಗೊತ್ತಾಗಿದ್ದು ರೋಗಿಗಳಿಂದ, ಇಲಿಗಳಿಂದಲ್ಲ.

ನಿಮ್ಮೂರಿನವರಿಗೆ ರೇಷ್ಮೆ ಹುಳು ಹೇಳಿಕೊಡಬೇಕಿಲ್ಲ. ಒಂದೇ ಚಾಕಿಯ (ಒಟ್ಟಿಗೆ ಸಾಕಿದ ಮರಿಹುಳುಗಳ ತಂಡದ) ಹುಳುಗಳು ಹೆಚ್ಚುಕಡಿಮೆ ಒಟ್ಟಿಗೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ಹಂತಕ್ಕೆ, ಹೋಗುತ್ತವೆ. ಲ್ಯಾಬಿನ ಇಲಿಗಳೂ ಹಾಗೇ, ಒಂದೇ ತಳಿ, ಒಂದೇ ಮೇವು. ಆದರೆ ಈ ಮಾತ್ರೆಯ ಲೂಪಸ್ ಬರುವುದು ಮನುಷ್ಯರ ನಡುವಿನ ವ್ಯತ್ಯಾಸದಿಂದ. ಹೈಡ್ರಲಜೈನ್ ಅನ್ನು ಕರಗಿಸುವ ಲಿವರ್ ಕಿಣ್ವ ಕೆಲವರಲ್ಲಿ ನಿಧಾನ. ಅಂಥವರಿಗೆ, ಅದರಲ್ಲೂ ಹೆಂಗಸರಿಗೆ, ದೊಡ್ಡ ಡೋಸಿನಲ್ಲಿ ಅಪಾಯ ಜಾಸ್ತಿ. ಔಷಧ ಪರೀಕ್ಷೆಗೆ ಬಳಸುವ ನಾಯಿಗಳಲ್ಲಂತೂ ಆ ಕಿಣ್ವವೇ ಇಲ್ಲ!

ಪ್ರಯತ್ನ ನಡೆದಿಲ್ಲ ಅಂತಲ್ಲ. ಇಲಿಯ ಒಂದು ಪಾದಕ್ಕೆ ಔಷಧ ಚುಚ್ಚಿ, ಸುಮಾರು ಒಂದು ವಾರ ಬಿಟ್ಟು ಮಂಡಿಯ ಹಿಂದಿನ ದುಗ್ಧಗ್ರಂಥಿಯನ್ನು (ಲಿಂಫ್ ನೋಡ್) ತೆಗೆದು ತೂಗುತ್ತಾರೆ. ಎಷ್ಟು ಪುಟ್ಟದು ಅಂದರೆ ಮಿಲಿಗ್ರಾಂ ಲೆಕ್ಕ. ಔಷಧ ಚುಚ್ಚದ ಕಾಲಿನದಕ್ಕಿಂತ ಭಾರ ಇದ್ದರೆ ರೋಗನಿರೋಧಕ ಕಣಗಳು ಕೆರಳಿವೆ ಅಂತ ಅರ್ಥ. ಆದರೆ ಕೆರಳುವುದೇ ಬೇರೆ, ಕಾಯಿಲೆಯೇ ಬೇರೆ. ಪೆನಿಸಿಲ್ಲಮೈನ್ ಎಂಬ ಇನ್ನೊಂದು ಔಷಧ ಕೊಟ್ಟರೆ ಬ್ರೌನ್ ನಾರ್ವೇ ಎಂಬ ಇಲಿ ತಳಿಗೆ ಲೂಪಸ್ ಥರದ್ದೇ ಬರುತ್ತದೆ, ಬೇರೆ ಕೆಲವು ತಳಿಗಳಿಗೆ ಬರುವುದೇ ಇಲ್ಲ. ಹಾಗಾಗಿ ಔಷಧ ನಿಯಮಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್ 2005ರಲ್ಲಿ ತಂದ ಎಸ್8 ಮಾರ್ಗಸೂಚಿ, ಔಷಧಗಳು ರೋಗನಿರೋಧಕ ಶಕ್ತಿಗೆ ಮಾಡುವ ಹಾನಿ ಪರೀಕ್ಷಿಸಲೆಂದೇ ಬರೆದದ್ದು, ಔಷಧದಿಂದ ಬರುವ ಈ ಬಗೆಯ ಸ್ವಯಂರೋಗವನ್ನು ಹೊರಗಿಟ್ಟಿದೆ. ನಂಬುವಂಥ ಪರೀಕ್ಷೆ ಇಲ್ಲದಿರುವಾಗ ಅದು ಪ್ರಾಮಾಣಿಕ ನಿರ್ಧಾರ ಅಂತಲೇ ನನ್ನ ಅನಿಸಿಕೆ.

ಒಂದು ಎಚ್ಚರಿಕೆ. ಟಿಬಿಯ ಐಸೋನಿಯಜಿಡ್‌ನಿಂದಲೂ ಎಎನ್‌ಎ ಪಾಸಿಟಿವ್ ಬರಬಹುದು, ಲೂಪಸ್ ಆಗುವುದು ಅಪರೂಪ. ರಿಪೋರ್ಟ್ ನೋಡಿ ಹೆದರಿ ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಡಾಕ್ಟರನ್ನು ಕೇಳಿ.

ನಿಮ್ಮ ತಾಯಿಯ ಅನುಭವವನ್ನು ಯಾರೂ ಇನ್ನೂ ದಾಖಲಿಸಿಲ್ಲದಿದ್ದರೆ 1800-180-3024ಕ್ಕೆ ಕರೆ ಮಾಡಿ, ಇದು ದೇಶದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ. ಮಾತ್ರೆಯ ಹೆಸರು, ಡೋಸು, ಶುರು ಮಾಡಿದ ತಿಂಗಳು, ಕೀಲು ಊದಿದ ತಿಂಗಳು, ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಇಳಿಯಿತು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೇಳಿ.