ವಯಸ್ಸಾದ ಮೇಲೆ ಇನ್ನೊಬ್ಬರ ಮನಸ್ಸು ತಿಳಿಯೋದು ಕಡಿಮೆಯಾಗುತ್ತಾ?

ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳ ಬಂದರೆ ಇವತ್ತಿಗೂ ಹಿರಿಯರನ್ನು ಕರೆಯುತ್ತಾರೆ. ಅಣ್ಣತಮ್ಮಂದಿರ ಪಾಲು ಇರಲಿ, ಮುನಿಸಿಕೊಂಡು ತವರಿಗೆ ಹೋದ ಸೊಸೆಯನ್ನು ಕರೆತರೋದಿರಲಿ, ಮುಂದೆ ನಿಲ್ಲೋರು ಅವರೇ. ಅದೇ ಹಿರಿಯ ಮನೆಗೆ ಬಂದು ಕೂತರೆ ಮಾತು ಬದಲಾಗುತ್ತದೆ. "ಮುತ್ಯಾನ ಮುಂದ ಹೇಳಬ್ಯಾಡ, ಅವಂಗೇನು ತಿಳಿತದ" ಅಂತ ಸೊಲ್ಲು ಇಳಿಸಿ ಹೇಳುತ್ತಾರೆ. ಎರಡೂ ಮಾತು ಒಂದೇ ಮನೆಯವು.

ಈ ವಿಷಯದಲ್ಲಿ ವಿಜ್ಞಾನಿಗಳೂ ಒಂದೇ ಮಾತಿಗೆ ನಿಂತವರಲ್ಲ. ಒಮ್ಮೆ ವಯಸ್ಸಾದಂತೆ ತಿಳಿವಳಿಕೆ ಹೆಚ್ಚುತ್ತದೆ ಎಂದರು, ಆಮೇಲೆ ಕುಗ್ಗುತ್ತದೆ ಎಂದರು. ಈಗ ಒಂದು ಕುಗ್ಗುತ್ತದೆ, ಇನ್ನೊಂದು ಉಳಿಯುತ್ತದೆ ಎನ್ನುತ್ತಿದ್ದಾರೆ.

ಪ್ರಶ್ನೆ ಶುರುವಾಗಿದ್ದು ಚಿಂಪಾಂಜಿಯಿಂದ. 1978ರಲ್ಲಿ ಅಮೆರಿಕದ ಡೇವಿಡ್ ಪ್ರಿಮ್ಯಾಕ್ ಮತ್ತು ಗೈ ವುಡ್ರಫ್ ಒಂದು ಪ್ರಶ್ನೆ ಎತ್ತಿದರು: ಎದುರಿಗಿರುವವನ ಮನಸ್ಸಿನಲ್ಲಿ ಏನಿದೆ ಅಂತ ಚಿಂಪಾಂಜಿ ಊಹಿಸಬಲ್ಲದಾ? 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಅದನ್ನು ಮಕ್ಕಳ ಕಡೆ ತಿರುಗಿಸಿದರು. ಹುಡುಗನೊಬ್ಬ ಚಾಕೊಲೇಟ್ ಇಟ್ಟು ಹೊರಗೆ ಹೋಗುತ್ತಾನೆ, ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಡೆ ಇಡುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ನಾಲ್ಕೈದು ವರ್ಷದ ಹೊತ್ತಿಗೆ ಮಕ್ಕಳಿಗೆ ಇದು ಹೊಳೆಯುತ್ತದೆ. ಮುಂದೆ ಎಷ್ಟೋ ವರ್ಷ ಸಂಶೋಧನೆಯೆಲ್ಲ ಮಕ್ಕಳ ಸುತ್ತಲೇ ನಡೆಯಿತು. ವಯಸ್ಸಾದವರನ್ನು ಕೇಳಿ ನೋಡೋಣ ಅಂತ ಹೆಚ್ಚು ಜನರಿಗೆ ಅನಿಸಲೇ ಇಲ್ಲ.

1998ರಲ್ಲಿ ಫ್ರಾನ್ಸೆಸ್ಕಾ ಹ್ಯಾಪೆ ಮತ್ತು ಜೊತೆಗಾರರು ಕೇಳಿದರು. ಅವರ ಕಥೆಗಳಲ್ಲಿ ಒಂದು ಹೀಗಿದೆ. ಕಳ್ಳನೊಬ್ಬ ಅಂಗಡಿ ದೋಚಿ ಓಡುತ್ತಿದ್ದಾನೆ. ಅವನ ಕೈಗವಸು ಬೀಳುತ್ತದೆ. ಕಳ್ಳತನದ ಸುದ್ದಿಯೇ ಗೊತ್ತಿಲ್ಲದ ಪೊಲೀಸ್ ಒಬ್ಬ, ಬಿದ್ದ ಕೈಗವಸು ಕೊಡೋಣ ಅಂತ "ಏ, ನಿಲ್ಲು" ಎಂದು ಕೂಗುತ್ತಾನೆ. ಕಳ್ಳ ಕೈ ಮೇಲೆತ್ತಿ ತಪ್ಪು ಒಪ್ಪಿಕೊಂಡುಬಿಡುತ್ತಾನೆ. ಯಾಕೆ? ಇಂಥ ಕಥೆಗಳಿಗೆ ಉತ್ತರ ಹೇಳುವುದರಲ್ಲಿ ವಯಸ್ಸಾದವರು ಹರೆಯದವರನ್ನು ಹಿಂದೆ ಹಾಕಿದರು. ಆದರೆ ಪರೀಕ್ಷೆಗೆ ಕೂತ ಹಿರಿಯರ ಗುಂಪು ಸಣ್ಣದು. 2002ರಲ್ಲಿ ಬ್ರಿಟನ್ನಿನಲ್ಲಿ ಎಲಿಜಬೆತ್ ಮೇಲರ್ ತಂಡ ಇಂಥದೇ ಪರೀಕ್ಷೆ ಮಾಡಿದಾಗ ಫಲ ಉಲ್ಟಾ ಬಂತು. ಕಥೆಯನ್ನು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿಸಿದರೂ 75 ದಾಟಿದವರು ಹಿಂದೆ ಬಿದ್ದರು. 2013ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಕಂಡಿದ್ದು ಕುಸಿತವೇ. ಮುಖ ಓದುವುದರಲ್ಲೂ ಹಾಗೇ. ಫೋಟೋದಲ್ಲಿರುವ ಸಿಟ್ಟು, ಹೆದರಿಕೆ, ದುಃಖವನ್ನು ಗುರುತಿಸುವುದು ವಯಸ್ಸಾದವರಿಗೆ ಕಷ್ಟ ಅಂತ 2008ರಲ್ಲಿ ನ್ಯೂಜಿಲೆಂಡಿನ ಟೆಡ್ ರಫ್‌ಮನ್ ಮತ್ತು ಸಂಗಡಿಗರು ತೋರಿಸಿದ್ದರು. ಅಸಹ್ಯದ ಭಾವವನ್ನು ಮಾತ್ರ ಹಿರಿಯರು ಚೆನ್ನಾಗಿಯೇ ಗುರುತಿಸಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಹಿರಿಯರಿಗೆ ಅನ್ಯಾಯ. ಪರೀಕ್ಷೆಯ ಕೋಣೆಯನ್ನೇ ನೋಡಿ. ಗುರುತು ಪರಿಚಯ ಇಲ್ಲದ ಮುಖ, ಅಲ್ಲಾಡದ ಫೋಟೋ, ತಮಗೆ ಸಂಬಂಧವೇ ಇಲ್ಲದ ಕಥೆ. ಬದುಕಿನಲ್ಲಿ ಯಾರೂ ಯಾರನ್ನೂ ಹೀಗೆ ಅರ್ಥ ಮಾಡಿಕೊಳ್ಳುವುದಿಲ್ಲ. 2011ರಲ್ಲಿ ಜರ್ಮನಿಯ ಡೇವಿಡ್ ರಿಕ್ಟರ್ ಮತ್ತು ಊಟೆ ಕುನ್ಸ್‌ಮನ್, ಜನ ತಮ್ಮ ಬದುಕಿನ ಸಂಗತಿ ಹೇಳಿಕೊಳ್ಳುವ ವಿಡಿಯೋ ತೋರಿಸಿದರು. ಎದುರಿನವರ ಭಾವನೆಯನ್ನು ಸರಿಯಾಗಿ ಹೇಳುವುದರಲ್ಲಿ ಹಿರಿಯರು ಹಿಂದೆ ಬಿದ್ದರು. ಆದರೆ ವಿಷಯ ಅವರ ಬದುಕಿಗೆ ಹತ್ತಿರದ್ದಾಗಿದ್ದಾಗ ಆ ಅಂತರ ಉಳಿಯಲಿಲ್ಲ. ಮರುಕವಂತೂ ಹಿರಿಯರಲ್ಲೇ ಜಾಸ್ತಿ ಕಂಡಿತು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನವೂ ಇದಕ್ಕೆ ಕೂಡಿಕೊಂಡಿತು. ಸಂಕಟದಲ್ಲಿರುವವರ ವಿಡಿಯೋ ನೋಡಿ ಹೆಚ್ಚು ಮರುಗಿದವರೂ, ಸಹಾಯಕ್ಕೆ ಹೆಚ್ಚು ದುಡ್ಡು ಕೊಟ್ಟವರೂ ವಯಸ್ಸಾದವರೇ.

ಅಂದರೆ ಇಲ್ಲಿ ಎರಡು ಕೆಲಸಗಳಿವೆ. ಎದುರಿನವನ ತಲೆಯಲ್ಲಿ ಏನು ನಡೆದಿದೆ ಅಂತ ಚಕ್ಕನೆ ಊಹಿಸುವುದು ಒಂದು. ಅವನ ನೋವಿಗೆ ಮನಸ್ಸು ಮಿಡಿಯುವುದು ಇನ್ನೊಂದು. ಮೊದಲನೆಯದು ವಯಸ್ಸಿನ ಜೊತೆ ನಿಧಾನವಾಗುತ್ತದೆ. ಎರಡನೆಯದು ಉಳಿಯುತ್ತದೆ, ಕೆಲವರಲ್ಲಿ ಬೆಳೆಯುತ್ತದೆ ಕೂಡ.

ಹಿರಿಯರ ಪಂಚಾಯ್ತಿಗೆ ಹತ್ತಿರದ ಅಧ್ಯಯನವೊಂದು 2010ರಲ್ಲಿ ಬಂತು. ಇಗೊರ್ ಗ್ರಾಸ್‌ಮನ್ ತಂಡ ಮಿಚಿಗನ್‌ನ ಜನರಿಗೆ ಗುಂಪು ಗುಂಪುಗಳ, ವ್ಯಕ್ತಿ ವ್ಯಕ್ತಿಗಳ ನಡುವಿನ ಜಗಳದ ಕಥೆ ಕೊಟ್ಟು, ಮುಂದೇನಾಗಬಹುದು ಎಂದು ಕೇಳಿತು. ಇಬ್ಬರ ಕಡೆಯಿಂದಲೂ ಯೋಚಿಸುವುದು, ರಾಜಿಗೆ ದಾರಿ ಹುಡುಕುವುದು, ನನಗೆ ಇಷ್ಟೇ ಗೊತ್ತು ಎಂದು ಒಪ್ಪುವುದು, ಎಲ್ಲದರಲ್ಲೂ ಹಿರಿಯರು ಮುಂದಿದ್ದರು. ಅಗಸಿ ಕಟ್ಟೆ ಮೇಲೆ ಕೂತು ಬದುವಿನ ಜಗಳ ಬಗೆಹರಿಸುವವರು ಮಾಡೋದೂ ಇದನ್ನೇ ಅಲ್ವಾ? ಅಲ್ಲಿ ಅವಸರ ಇಲ್ಲ. ಮಂದಿಯೂ ಪರಿಚಯದವರೇ, ಅವರ ಅಪ್ಪಂದಿರ ಜಗಳವೂ ಗೊತ್ತು.

ಈಗ ಇದೇ ಹಿರಿಯರನ್ನು ವಿಡಿಯೋ ಕಾಲ್ ಮುಂದೆ ಕೂರಿಸಿ. ಕಲಬುರಗಿ, ಯಾದಗಿರಿ, ಬೀದರಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಯಲ್ಲಿ ದುಡಿಯುತ್ತಿದ್ದಾರೆ. ಅಂಗೈಯಗಲದ ಪರದೆ. ಹಿಂದಿನಿಂದ ಬೆಳಕು ಬಿದ್ದು ಮಗನ ಮುಖ ಕಪ್ಪಾಗಿದೆ. ನೆಟ್‌ವರ್ಕ್ ಕಟ್ಟಾಗಿ ತುಟಿ ಮೊದಲು, ಮಾತು ಆಮೇಲೆ. "ಎಲ್ಲಾ ಆರಾಮ್ ಅದ" ಅಂತ ಅವನಂದರೆ ಅವ್ವ ತಲೆಯಾಡಿಸುತ್ತಾಳೆ. ಕಣ್ಣು, ಕಿವಿ, ಚುರುಕು, ವಯಸ್ಸು ಮುಟ್ಟುವ ಮೂರಕ್ಕೂ ಒಂದೇ ಸಲ ಪರೀಕ್ಷೆ ಇದು. ಶರಣಬಸವೇಶ್ವರ ಜಾತ್ರೆಗೆ ಮಗ ಊರಿಗೆ ಬಂದಾಗ ಕತೆಯೇ ಬೇರೆ. ಎರಡನೇ ರೊಟ್ಟಿ ಬೇಡ ಅಂದರೆ ಸಾಕು, "ಯಾಕಪಾ, ಕೆಲಸ ಹೋಯ್ತೇನು?" ಅಂತ ಕೇಳುತ್ತಾಳೆ.

ಕಿವಿಯ ವಿಷಯವನ್ನಂತೂ ನಾವು ತೀರಾ ಹಗುರವಾಗಿ ತಗೊಂಡಿದ್ದೇವೆ. ಅರ್ಧ ಮಾತು ಕೇಳಿಸದವರು ನಗಬೇಕಾದಲ್ಲಿ ಸುಮ್ನೆ ಇರ್ತಾರೆ, ಸುಮ್ನಿರಬೇಕಾದಲ್ಲಿ ಬೇರೇನೋ ಕೇಳ್ತಾರೆ. ಮನೆಯವರು "ಇವರಿಗೆ ಯಾರ ಚಿಂತೆಯೂ ಇಲ್ಲ" ಎಂದುಕೊಳ್ಳುತ್ತಾರೆ. ಆಮೇಲೆ ಸುದ್ದಿ ಹೇಳೋದನ್ನೇ ಬಿಡುತ್ತಾರೆ. ವಿಷಯ ಮನಸ್ಸಿಗೆ ಹತ್ತಿರದ್ದಾದರೆ ಹಿರಿಯರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ ಅಂತ ನೋಡಿದೆವಲ್ಲ, ಆ ಹತ್ತಿರದ ವಿಷಯಗಳನ್ನೇ ನಾವು ಅವರಿಂದ ಬಚ್ಚಿಡುತ್ತೇವೆ. 2017ರಿಂದ ನಡೆದಿರುವ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡವರಿಗೆ ಕಿವಿಯ ಮಶೀನು, ಕನ್ನಡಕ ಉಚಿತವಾಗಿ ಕೊಡುತ್ತಾರೆ. ಕೇಳಿ ಪಡೆಯಬೇಕು.

ಒಂದು ಎಚ್ಚರಿಕೆ ಇಲ್ಲಿ ಬೇಕೇ ಬೇಕು. ಎಲ್ಲವನ್ನೂ "ವಯಸ್ಸಾಯ್ತು" ಅಂತ ತಳ್ಳಿಹಾಕಬಾರದು. 1892ರಲ್ಲಿ ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ ಮೊದಲು ವಿವರಿಸಿದ ಮಿದುಳಿನ ಕಾಯಿಲೆ ಒಂದಿದೆ. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಅದರಲ್ಲಿ ಸವೆಯುತ್ತವೆ. ಎಷ್ಟೋ ಜನರಲ್ಲಿ ಶುರುವಿಗೆ ನೆನಪು ಚೆನ್ನಾಗಿಯೇ ಇರುತ್ತದೆ, ಕಳೆದುಹೋಗುವುದು ಕರುಳು. ಜೀವನವಿಡೀ ಮೆದುವಾಗಿದ್ದವರು ಮಗಳು ಅತ್ತರೂ ಟಿವಿ ನೋಡುತ್ತಾ ಕೂರುತ್ತಾರೆ, ನಾಲ್ಕು ಮಂದಿಯ ಮುಂದೆ ಆಡಬಾರದ ಮಾತಾಡುತ್ತಾರೆ. 65ಕ್ಕಿಂತ ಮೊದಲೇ ಇದು ಶುರುವಾಗುವುದು ಹೆಚ್ಚು. ಹಾಗಾಗಿ ಮನೆಯವರಿಗೆ ಕಾಯಿಲೆ ಅಂತ ಹೊಳೆಯುವುದೇ ಇಲ್ಲ, ಸೊಕ್ಕು ಎಂದುಕೊಳ್ಳುತ್ತಾರೆ. ಸ್ವಭಾವ ಹೀಗೆ ತಿರುಗಿದ್ದರೆ ನರರೋಗ ಇಲ್ಲವೇ ಮನೋರೋಗದ ಡಾಕ್ಟರಿಗೆ ತೋರಿಸಬೇಕು. ಏನು ಬದಲಾಯಿತು, ಯಾವಾಗಿನಿಂದ ಅಂತ ಬರೆದುಕೊಂಡು ಹೋಗಿ. ಇಂಥ ಕಾಯಿಲೆಯವರಿಗೆ ತಾವು ಬದಲಾಗಿರುವುದು ಬಹಳ ಸಲ ಗೊತ್ತೇ ಇರುವುದಿಲ್ಲ, ಅದನ್ನು ಮನೆಯವರೇ ಹೇಳಬೇಕಾಗುತ್ತದೆ.