ಮುಂಡಗೋಡದ ಟಿಬೆಟಿಯನ್ನರು, ಕಲಘಟಗಿ ಸಿದ್ದಿಗಳು: ಒಂದ ಕಾಡಿನ ಅಂಚಿಗೆ ಎರಡು ಥರದ ಬದುಕು ಹೆಂಗಾತು

ಹುಬ್ಬಳ್ಳಿ ಕಡೆ ಚಾದಂಗಡಿ ಮುಂದ ನಿಂತೋರ ಕಿವಿಗೆ ಈ ಮಾತು ಒಂದಲ್ಲ ಒಂದ್ಸಲ ಬಿದ್ದ ಇರ್ತೈತಿ. "ಟಿಬೆಟ್ ಮಂದಿ ನೋಡ್ರಿ, ಮೊನ್ನೆ ಮೊನ್ನೆ ಬರಿಗೈಲೆ ಬಂದೋರು, ಈಗ ಮುಂಡಗೋಡದಾಗ ಬಂಗಾರದ ಬಣ್ಣದ ಗುಡಿ ಕಟ್ಕೊಂಡು ಕುಂತಾರ. ಸಿದ್ದಿ ಮಂದಿ ನಾಕನೂರು ವರ್ಷದಿಂದ ಇಲ್ಲೇ ಅದಾರ, ಏನ್ ಮಾಡ್ಕೊಂಡ್ರು?" ಹೇಳೋರೆಲ್ಲಾ ಕೆಟ್ಟ ಮನಸ್ಸಿಲೆ ಹೇಳ್ತಾರ ಅಂತಲ್ಲ, ಕಣ್ಣಿಗೆ ಕಾಣೋದ ಹಂಗ ಐತಿ. ಆದ್ರ ಈ ಮಾತಿನ ಹೊಟ್ಟ್ಯಾಗ ಇನ್ನೊಂದು ಮಾತು ಕುಂತೈತಿ ನೋಡ್ರಿ, ಅವರು ದುಡಿಯೋರು ಇವರು ಮೈಗಳ್ಳರು ಅನ್ನೋದು, ಅದು ಮಾತ್ರ ಶುದ್ಧ ಸುಳ್ಳು, ಯಾಕಂದ್ರ ಇತಿಹಾಸ ಸ್ವಲ್ಪ ಕೆದರಿದ್ರ ಸಾಕು, ಮೈಮುರ್ದು ದುಡಿಯೋದ್ರಾಗ ಸಿದ್ದಿಗಳನ್ನ ಮೀರಿಸಿದೋರು ಈ ಸೀಮಿಯೊಳಗ ಯಾರೂ ಇಲ್ಲ.

ಎರಡೂ ಮಂದಿ ಇರೋದು ನಮ್ಮ ಮಗ್ಗಲದಾಗ. ಹುಬ್ಬಳ್ಳಿಯಿಂದ ತಡಸ ದಾಟಿ ಹೋದ್ರ ಮುಂಡಗೋಡ, ತಾಲೂಕು ಉತ್ತರ ಕನ್ನಡದ್ದಾದ್ರೂ ಅಲ್ಲಿ ಮಂದಿಗೆ ಸಂತಿ, ದವಾಖಾನಿ, ರೈಲು, ವಿಮಾನ ಎಲ್ಲಾ ಹುಬ್ಬಳ್ಳಿನ. ರೈಲ್ವೆ ಸ್ಟೇಶನ್ನಿನ್ಯಾಗ ಕೆಂಪು ಅರಿವಿ ಹೊತ್ಕೊಂಡ ಸನ್ಯಾಸಿಗಳನ್ನ ಯಾರೂ ತಿರುಗಿ ಸುದ್ದಾ ನೋಡಂಗಿಲ್ಲ, ಅಷ್ಟು ರೂಢಿ ಆಗ್ಯದ. ಇನ್ನೊಂದು ರಸ್ತೆ ಹಿಡ್ಕೊಂಡು ಕಲಘಟಗಿ ದಾಟಿ ಯಲ್ಲಾಪುರ ಕಡೆ ಹೋದ್ರ ಕಾಡು ಚಾಲೂ ಆಗ್ತೈತಿ, ಅದರ ಅಂಚಿಗೆ ಆಫ್ರಿಕಾ ಮೂಲದ ಸಿದ್ದಿಗಳ ಮನಿ. ಯಲ್ಲಾಪುರ, ಹಳಿಯಾಳ, ಜೋಯಿಡಾ, ಅಂಕೋಲಾ, ಮುಂಡಗೋಡ, ಈ ಕಡೆ ನಮ್ಮ ಕಲಘಟಗಿ, ಆ ಕಡೆ ಬೆಳಗಾವಿ ಜಿಲ್ಲಾದ ಖಾನಾಪುರ, ಹಿಂಗ ಒಂದ ಕಾಡಿನ ಸುತ್ತ ಹರಡ್ಕೊಂಡಾರ. ಈ ಎರಡೂ ಸಮುದಾಯದ ಮ್ಯಾಲೆ 1970ರ ದಶಕದಾಗ ಟಿ. ಸಿ. ಪಾಲಾಕ್ಷಪ್ಪ ಅನ್ನೋ ಮಾನವಶಾಸ್ತ್ರಜ್ಞರು ಒಂದೊಂದು ಪುಸ್ತಕ ಬರದಾರ, ಅಂದ್ರ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನೋದು ಹೊಸ ವಿಚಾರ ಏನಲ್ಲ.

ಮೊದಲ ಟಿಬೆಟಿಯನ್ನರ ಕಥಿ, ಅದು ಸ್ವಲ್ಪ ಸರಳ ಐತಿ. 1959ರ ಮಾರ್ಚ್‌ನ್ಯಾಗ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕ ಬಂದ್ರು, ಅವರ ಹಿಂದ ಸಾವಿರಾರು ಮಂದಿ ಬಂದ್ರು. ಇವರನ್ನ ಎಲ್ಲಿ ಇಡೋದು ಅಂತ ನೆಹರೂ ರಾಜ್ಯಗಳನ್ನ ಕೇಳಿದಾಗ ಮುಂದ ಬಂದದ್ದು ನಮ್ಮ ಆಗಿನ ಮೈಸೂರು ರಾಜ್ಯ, ಮೊದಲ ಬೈಲಕುಪ್ಪೆ ಆತು, ಆಮ್ಯಾಲೆ 1966ರಾಗ, ನಿಜಲಿಂಗಪ್ಪನವರು ಮುಖ್ಯಮಂತ್ರಿ ಇದ್ದಾಗ, ಮುಂಡಗೋಡದ ಕಾಡು ಕಡದು ಕ್ಯಾಂಪ್ ಹಾಕಿದ್ರು. ಹೊಲ ಹಂಚಿ ಕೊಟ್ರು, ಮನಿ ಕಟ್ಟಿ ಕೊಟ್ರು, ಸಹಕಾರಿ ಸಂಘ ಮಾಡಿದ್ರು. 1969ರಾಗ ಬಂಗಾಲದ ಬಕ್ಸಾದಾಗಿದ್ದ ಸನ್ಯಾಸಿಗಳನ್ನ ತಂದ್ರು, ಬಕ್ಸಾ ಅಂದ್ರ ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನ ಕೂಡಿ ಹಾಕ್ತಿದ್ದ ಜಾಗ, ಅಲ್ಲಿ ಭಾಳ ಮಂದಿ ಟಿಬಿ ಬಂದು ತೀರ್ಕೊಂಡಿದ್ರು, ಉಳಿದೋರು ಮುಂಡಗೋಡಕ್ಕ ಬಂದು ಡ್ರೆಪುಂಗ್ ಮತ್ತ ಗಾಂಡೆನ್ ಮಠ ಮತ್ತ ಎಬ್ಬಿಸಿದ್ರು. ಹಿಮದ ನಾಡಿನ್ಯಾಗ ಜವೆ ಬೆಳಕೋತ, ಯಾಕ್ ಮೇಯಿಸ್ಕೋತ ಇದ್ದೋರಿಗೆ ಇಲ್ಲಿ ಸೆಕಿ, ಸೊಳ್ಳಿ, ಆನಿ, ಗೋಂಜಾಳ. ಮೊದಲಿನ ವರ್ಷ ಸುಲಭ ಇರಲಿಲ್ಲ, ಇದನ್ನೂ ಹೇಳಲಿಕ್ಕೆ ಬೇಕು, ಸುಮ್ನ ಸರ್ಕಾರ ಕೊಡ್ತು ಇವರು ತೊಗೊಂಡ್ರು ಅಂತ ಮುಗಿಸೋಹಂಗಿಲ್ಲ.

ಆದ್ರ ಒಂದು ನೋಡ್ರಿ. ಅವರು ಬರುವಾಗ ಬರಿಗೈಲೆ ಬಂದಿದ್ರೂ ಒಂಟಿಯಾಗಿ ಬಂದಿದ್ದಿಲ್ಲ. ಗುರು ಬಂದಿದ್ರು, ಮಠ ಬಂದಿತ್ತು, ಭಾಷಿ ಲಿಪಿ ಪುಸ್ತಕ ಬಂದಿದ್ದುವು, ಹಳೇ ಸರ್ಕಾರದ ಅಧಿಕಾರಿಗಳೂ ಬಂದಿದ್ರು, ಹಿಮಾಚಲದ ಧರ್ಮಶಾಲಾ ಊರಾಗ ತಮ್ಮದ ಒಂದು ಆಡಳಿತ ಕಟ್ಕೊಂಡ್ರು, ಯಾವ ಕ್ಯಾಂಪಿನ್ಯಾಗ ಯಾರಿಗೆ ಏನು ಬೇಕು ಅಂತ ದಿಲ್ಲಿ ಜೋಡಿ ಮಾತಾಡಾಕ ಅವರಿಗೆ ಒಂದು ಬಾಯಿ ಇತ್ತು. 1961ರಾಗನ ಕೇಂದ್ರ ಸರ್ಕಾರ ಟಿಬೆಟಿಯನ್ ಮಕ್ಕಳ ಸಾಲಿ ಸಲುವಾಗಿ ಬ್ಯಾರೆ ಸಂಸ್ಥೆ ಮಾಡ್ತು. ನಿರಾಶ್ರಿತರಾಗಿ ಎರಡು-ಮೂರು ವರ್ಷದೊಳಗ ಸಾಲಿ! ನಮ್ಮ ಕಡೆ ಎಷ್ಟೋ ಹಳ್ಳಿಗೆ ಆವಾಗ ಸಾಲಿ ಇರಲಿಲ್ಲ. ಮ್ಯಾಲೆ ಚೀನಾ ವಿಷಯ ಇದ್ದದ್ರಿಂದ ಜಗತ್ತಿನ ಕಣ್ಣು ಇವರ ಮ್ಯಾಲೆ ಇತ್ತು, ಯುರೋಪು ಅಮೆರಿಕದಿಂದ ರೊಕ್ಕನೂ ಬಂತು.

ಸಿದ್ದಿಗಳು ಬಂದದ್ದು ಹೆಂಗ? ಅವರು ಬಂದದ್ದಲ್ಲ, ಅವರನ್ನ ತಂದದ್ದು. ಪೋರ್ಚುಗೀಸರು 1510ರಾಗ ಗೋವಾ ಹಿಡಿದ ಮ್ಯಾಲೆ ಪೂರ್ವ ಆಫ್ರಿಕಾದಿಂದ, ಅದ್ರಾಗೂ ಮೊಜಾಂಬಿಕ್ ಕಡೆಯಿಂದ, ಹಡಗಿನ್ಯಾಗ ಗುಲಾಮರನ್ನ ತುಂಬ್ಕೊಂಡು ಬಂದು ಗೋವಾದ ಪ್ಯಾಟಿಯೊಳಗ ಮಾರಾಕ ಹತ್ತಿದ್ರು. ಒಂದ ಊರಿನವರನ್ನ ಒಂದ ಕಡೆ ಇಟ್ಟು ಮಾರ್ತಿರಲಿಲ್ಲ, ಗಂಡ ಒಂದು ಮನಿಗೆ ಹೆಂಡತಿ ಒಂದು ಮನಿಗೆ, ಒಬ್ಬರ ಭಾಷಿ ಇನ್ನೊಬ್ಬರಿಗೆ ತಿಳಿಯಂಗಿಲ್ಲ, ಹೆಸರ ಸುದ್ದಾ ಮಾಲಕ ಇಟ್ಟದ್ದು. ಅಲ್ಲಿಂದ ತಪ್ಪಿಸಿಕೊಂಡೋರು ಘಟ್ಟ ಹತ್ತಿ ಈ ಕಾಡಿನ್ಯಾಗ ಅಡಗಿದ್ರು. ಪೋರ್ಚುಗೀಸ್ ಸಾಮ್ರಾಜ್ಯದಾಗ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾದದ್ದು 1869ರಾಗ, ಅಂದ್ರ ಅಲ್ಲೀತನಕ ಇಲ್ಲಿ ಕಾಡಿನ್ಯಾಗ ಇದ್ದೋರಿಗೆ ಸಿಕ್ಕಿಬೀಳಬಾರದು ಅನ್ನೋದ ದೊಡ್ಡ ಆಸ್ತಿ. ಹಿಂಗ ಅಡಗಿ ಬದುಕಿದೋರ ಹೆಸರು ಯಾವ ಉತಾರದಾಗ ಬರಬೇಕು, ಯಾವ ಶಾನಭೋಗ ಬರೀಬೇಕು ಹೇಳ್ರಿ.

ಇಲ್ಲೊಂದು ಸಣ್ಣ ಮಾತು. ಆಫ್ರಿಕಾದಿಂದ ಬಂದೋರೆಲ್ಲಾ ಕಾಡಿಗೆ ಹೋಗಲಿಲ್ಲ. ವಿಜಾಪುರದ ಆದಿಲಶಾಹಿ ದರ್ಬಾರಿನ್ಯಾಗ ಇಖ್ಲಾಸ್ ಖಾನ್ ಅನ್ನೋ ಹಬಶಿ ವಜೀರ ಆಗಿದ್ದ, ಅಹಮದನಗರದಾಗ ಮಲಿಕ್ ಅಂಬರ್ ರಾಜ್ಯನ ನಡೆಸಿದ. ಅದ ಖಂಡದ ಮಂದಿ, ಅವರೂ ಗುಲಾಮರಾಗೇ ಬಂದೋರು, ಆದ್ರ ಸೈನ್ಯದಾಗ ಮ್ಯಾಲೆ ಹತ್ತಾಕ ಅಲ್ಲೊಂದು ಏಣಿ ಇತ್ತು, ಗೋವಾದ ಅಡಿಗಿಮನ್ಯಾಗ ಅದು ಇರಲಿಲ್ಲ. ರಕ್ತ, ಜಾತಿ, ಗುಣ ಅಂತ ವಾದ ಮಾಡೋರು ಇದೊಂದನ್ನ ನೆನಪಿಟ್ಕೊಂಡ್ರ ಸಾಕು.

ಸಾಲದ ವಿಷಯಕ್ಕ ಬರ್ತೀನಿ, ನನಗ ಇಡೀ ಹೋಲಿಕಿ ಇಲ್ಲೇ ನಿಚ್ಚಳ ಕಾಣ್ತೈತಿ. ದೀಪಾವಳಿ ಹೊತ್ತಿಗೆ ಹುಬ್ಬಳ್ಳಿಯೊಳಗ ಟಿಬೆಟಿಯನ್ನರ ಸ್ವೆಟರ್ ಅಂಗಡಿ ಸಾಲು ಬೀಳ್ತೈತಿ. ಮಕ್ಕಳ ಟೊಪಿಗಿ, ಮುದುಕರ ಮಫ್ಲರ್, ಜಾಕೆಟ್, ಗಿರಾಕಿ ಎಷ್ಟ ಚೌಕಾಶಿ ಮಾಡಿದ್ರೂ ಆ ಹೆಣ್ಮಗಳು ನಕ್ಕೋತ "ಫಿಕ್ಸ್ ರೇಟ್ ರೀ ಅಕ್ಕಾ" ಅಂತಾಳ, ಚೌಕಾಶಿ ಅಲ್ಲಿಗೇ ಬಂದ್. ಈ ಮಾಲು ಅವರು ಹೆಣದದ್ದು ಅಂತ ಭಾಳ ಮಂದಿ ತಿಳ್ಕೊಂಡಾರ, ಅಲ್ಲ, ಬಹುತೇಕ ಲೂಧಿಯಾನಾದ ಫ್ಯಾಕ್ಟರಿದು. ಸೀಸನ್ನಿಗೆ ಮೊದಲ ಅಲ್ಲಿ ಹೋಲ್‌ಸೇಲ್ ವ್ಯಾಪಾರಸ್ಥರು ಉದ್ರಿ ಮ್ಯಾಲೆ ಮಾಲು ಕೊಡ್ತಾರ, ಜನವರಿ ಕಳದು ಇವರು ಲೆಕ್ಕಾ ಚುಕ್ತಾ ಮಾಡ್ತಾರ. ಅಡವು ಇಲ್ಲ, ಹೊಲ ಬರದು ಕೊಡೋದಿಲ್ಲ, ಇರೋದು ನಂಬಿಗಿ. ಒಬ್ಬ ಮುಳುಗಿಸಿದ್ರ ಇಡೀ ಸಮುದಾಯಕ್ಕ ಮುಂದಿನ ವರ್ಷ ಮಾಲು ಸಿಗಂಗಿಲ್ಲ ಅನ್ನೋದು ಎಲ್ಲಾರಿಗೂ ಗೊತ್ತೈತಿ, ಅದಕ್ಕ ತಾವ ತಮ್ಮವರನ್ನ ಕಾಯ್ತಾರ.

ಸಿದ್ದಿಗಳೂ ಸಾಲ ತೊಗೊಂಡ್ರು. ಆದ್ರ ಅದು ಹೊಲದೊಡ್ಯಾನ ಕಡೆ, ತೋಟದೊಡ್ಯಾನ ಕಡೆ, ಮದವಿಗೆ ಇಷ್ಟು, ಜಡ್ಡಿಗೆ ಇಷ್ಟು, ಮಳೆಗಾಲದಾಗ ಅಕ್ಕಿಗೆ ಇಷ್ಟು. ತೀರಸೋದು ದುಡ್ಡಿಲೆ ಅಲ್ಲ, ಮೈಲೆ. ಅಪ್ಪ ಮಾಡಿದ ಸಾಲಕ್ಕ ಮಗ ಜೀತಕ್ಕ ನಿಂತ, ಮಗ ತೀರಿಸೂದ್ರೊಳಗ ಮೊಮ್ಮಗ. 1976ರಾಗ ಜೀತ ನಿಷೇಧದ ಕಾಯ್ದೆ ಬಂದ್ರೂ ಕಾಡಿನ ಒಳಗ ಅದು ಮುಟ್ಟಾಕ ಭಾಳ ತಡಾ ಆತು. ಒಂದು ಸಾಲ ವ್ಯಾಪಾರಕ್ಕ ಬಂಡವಾಳ ಆತು, ಇನ್ನೊಂದು ಕಾಲಿಗೆ ಸಂಕೋಲಿ ಆತು, ಎರಡರ ನಡುವ ಇರೋ ಫರಕ್ ದುಡಿಯೋರ ಗುಣದ್ದಲ್ಲ, ಬೆನ್ನ ಹಿಂದ ಯಾರು ನಿಂತಿದ್ರು ಅನ್ನೋದು.

ಇನ್ನ ಭೂಮಿ, ಕಾಗದ. ಇಲ್ಲಿ ಸ್ವಲ್ಪ ತಾಳ್ಮಿಲೆ ಓದ್ರಿ, ಧಾರವಾಡ ಜಿಲ್ಲಾದವರಿಗೆ ಇದು ಗೊತ್ತಿರಲೇಬೇಕಾದ್ದು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಾಗ, ಸ್ವಾತಂತ್ರ್ಯ ಬಂದು 50 ವರ್ಷ ದಾಟಿದ ಮ್ಯಾಲೆ. ಅದೂ ಉತ್ತರ ಕನ್ನಡ ಜಿಲ್ಲಾದವರಿಗೆ ಮಾತ್ರ! ಕಾಡಿಗೆ ಜಿಲ್ಲಾ ಗಡಿ ಗೊತ್ತಿಲ್ಲ, ಸಿದ್ದಿಗಳ ಬೀಗತನಕ್ಕೂ ಗೊತ್ತಿಲ್ಲ, ಆದ್ರ ಲಿಸ್ಟಿಗೆ ಗೊತ್ತಿತ್ತು. ಹಂಗಾಗಿ ಯಲ್ಲಾಪುರದಾಗಿರೋ ಅಣ್ಣ ಎಸ್‌ಟಿ, ಕಲಘಟಗಿಯಾಗಿರೋ ತಮ್ಮ ಅಲ್ಲ. ಇದನ್ನ ತಿದ್ದಿದ್ದು 2020ರಾಗ, ಪಾರ್ಲಿಮೆಂಟ್ ತಿದ್ದುಪಡಿ ಕಾಯ್ದೆ ಮಾಡಿ ಧಾರವಾಡ ಮತ್ತ ಬೆಳಗಾವಿ ಸಿದ್ದಿಗಳನ್ನ ಸೇರಿಸ್ತು. ಅದ ಕಾಯ್ದೆಯೊಳಗ ತಳವಾರ, ಪರಿವಾರದವರ ವಿಷಯನೂ ಇತ್ತು, ಅವರ ಸಂಖ್ಯೆ ದೊಡ್ಡದು, ಓಟು ದೊಡ್ಡದು, ಹಿಂಗಾಗಿ ನಮ್ಮ ಕಡೆ ಸುದ್ದಿಯೆಲ್ಲಾ ಅವರದ ಆತು, ಸಿದ್ದಿಗಳ ಸಾಲು ಮೂಲಿಗೆ ಹೋತು.

ಬರೇ ನೌಕ್ರಿ ರಿಸರ್ವೇಶನ್ ಅಂತ ತಿಳಿಬ್ಯಾಡ್ರಿ. 2006ರ ಅರಣ್ಯ ಹಕ್ಕು ಕಾಯ್ದೆ ಐತಲ್ಲ, ಅದ್ರಾಗ ಪರಿಶಿಷ್ಟ ಪಂಗಡದವ ಆದ್ರ 2005ರ ಡಿಸೆಂಬರ್ 13ಕ್ಕ ಮೊದಲ ಆ ಕಾಡಿನ ಭೂಮಿ ಸಾಗುವಳಿ ಮಾಡ್ತಿದ್ದೆ ಅಂತ ತೋರಿಸಿದ್ರ ಆತು. ಪಂಗಡದವ ಅಲ್ಲ ಅಂದ್ರ ಮೂರು ತಲಿಮಾರು, ಅಂದ್ರ 75 ವರ್ಷ, ಅಲ್ಲೇ ಇದ್ದೀವಿ ಅಂತ ಸಾಬೀತು ಮಾಡಬೇಕು. ಅಂದ್ರ 1930ರ ದಾಖಲಿ! ಯಾರ ಕಣ್ಣಿಗೂ ಬೀಳಬಾರದು ಅಂತ ಕಾಡು ಹೊಕ್ಕವರ ಮೊಮ್ಮಕ್ಕಳಿಗೆ, ನಿಮ್ಮಜ್ಜ ಯಾವ ಸರ್ಕಾರಿ ಪುಸ್ತಕದಾಗ ಅದಾನ ತೋರಸ್ರಿ ಅಂತ ಕೇಳಿದಂಗಾತು. ಕಾಯ್ದೆ ಜಾರಿಯಾದ 2008ರಿಂದ 2020ರ ತನಕ, ಅರ್ಜಿ ಹಾಕೋ ಭರಾಟಿ ಇದ್ದ ಆ ವರ್ಷಗಳೊಳಗ, ಧಾರವಾಡ ಜಿಲ್ಲಾದ ಸಿದ್ದಿಗಳು ಈ ಎರಡನೇ ಸಾಲಿನ್ಯಾಗ ನಿಂತಿದ್ರು.

ಹಂಗಂತ ಸಿದ್ದಿಗಳದ್ದು ಬರೇ ಗೋಳು ಅಂತ ಬರದ್ರ ಅದೂ ಅನ್ಯಾಯ. 1987ರಾಗ ಮಾರ್ಗರೆಟ್ ಆಳ್ವಾ ಕೇಂದ್ರದಾಗ ಕ್ರೀಡಾ ಮಂತ್ರಿ ಇದ್ದಾಗ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡೋ ಯೋಜನೆ ಚಾಲೂ ಆತು, ಆಫ್ರಿಕಾ ಮೂಲ ಅಂದ್ರ ಓಡ್ತಾರ, ಒಲಿಂಪಿಕ್ ಮೆಡಲ್ ತರ್ತಾರ ಅನ್ನೋ ಲೆಕ್ಕಾ (ಈ ಲೆಕ್ಕಾದಾಗೂ ಮನುಷ್ಯಾನ್ನ ನೋಡೋ ರೀತಿ ಎಂಥಾದ್ದು ಅಂತ ಯೋಚನಿ ಬರ್ತೈತಿ). ಕಮಲಾ ಸಿದ್ದಿ ಅವರಂಥ ಓಟಗಾರರು ಬಂದ್ರು, ಕೆಲವರಿಗೆ ಸ್ಪೋರ್ಟ್ಸ್ ಕೋಟಾದಾಗ ನೌಕ್ರಿ ಆತು, ಆರು ವರ್ಷಕ್ಕ ಯೋಜನೆ ಬಂದ್ ಮಾಡಿದ್ರು, ಹುಡುಗರು ಗಂಟುಮೂಟಿ ಕಟ್ಕೊಂಡು ವಾಪಸ್ ಬಂದ್ರು. ಮುಂದ ಭಾಳ ವರ್ಷದ ಮ್ಯಾಲೆ ಮತ್ತ ಚಾಲೂ ಆತು. ರಂಗಭೂಮಿಯೊಳಗ ಗಿರಿಜಾ ಸಿದ್ದಿ, ಸಿನಿಮಾದಾಗ ಪ್ರಶಾಂತ್ ಸಿದ್ದಿ ಹೆಸರು ಮಾಡ್ಯಾರ. 2020ರಾಗ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದ್ರು, ಆ ಸಮುದಾಯದಿಂದ ಮೊದಲನೇರು. ಹೆಣ್ಮಕ್ಕಳು ಹೊಲಿಯೋ ಕವಂದಿ, ನಮ್ಮ ಕೌದಿ ಇದ್ದಂಗ, ಹಳೇ ಸೀರಿ ಅಂಗಿ ತುಂಡು ಜೋಡಿಸಿ ಕೈಹೊಲಿಗಿಲೆ ಮಾಡಿದ್ದು, ಅಮೆರಿಕದ ಮ್ಯೂಸಿಯಂದಾಗ ಪ್ರದರ್ಶನ ಆಗ್ಯಾವ. ಅದರ ನಾಕೂ ಮೂಲಿಗೆ ಮೂಮೂಲಿ ತುಂಡು ಇಡ್ತಾರ, ಅದಕ್ಕ ಫೂಲಾ ಅಂತಾರ, ಫೂಲಾ ಇಲ್ಲದ ಕವಂದಿ ಬತ್ಲೆ ಅಂತ ಅವರ ಮಾತು.

ಈಗ ತಕ್ಕಡಿ ಇನ್ನೊಂದು ಕಡೆ ನೋಡ್ರಿ. ಟಿಬೆಟಿಯನ್ನರು ಗೆದ್ರು ಅಂತ ಹೇಳೋರು ಅವರ ಕಿಸೆದಾಗಿನ ಕಾಗದ ನೋಡಿರಂಗಿಲ್ಲ. ಭಾಳ ಮಂದಿ ಕಡೆ ಇವತ್ತಿಗೂ ಇರೋದು ವಿದೇಶಿಯರ ನೋಂದಣಿ ಪತ್ರ, ಅವರು ಆರ್‌ಸಿ ಅಂತಾರ, ಅದನ್ನ ರಿನ್ಯೂ ಮಾಡಿಸ್ಕೋತ ಇರಬೇಕು. ಉಳೋ ಹೊಲ ಅವರ ಹೆಸರಿಲೆ ಇಲ್ಲ, 2014ರ ಪುನರ್ವಸತಿ ನೀತಿ ಸುದ್ದಾ 20 ವರ್ಷದ ಲೀಜ್ ಅಂತನ ಹೇಳ್ತೈತಿ. ಸರ್ಕಾರಿ ನೌಕ್ರಿ ಸಿಗೋದು ದೂರದ ಮಾತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗ ಇಲ್ಲೇ ಹುಟ್ಟಿದೋರು ಕಾನೂನಿನ ಪ್ರಕಾರ ಭಾರತದ ನಾಗರಿಕರ, ಅದನ್ನ ದಿಲ್ಲಿ ಹೈಕೋರ್ಟ್ 2010ರಾಗ ಹೇಳ್ತು, 2014ರಾಗ ಚುನಾವಣಾ ಆಯೋಗ ಇವರಿಗೆ ಓಟಿನ ಹಕ್ಕು ಕೊಡ್ರಿ ಅಂತು. ಆದ್ರ ಪಾಸ್‌ಪೋರ್ಟ್ ಬೇಕಂದ್ರ ಆರ್‌ಸಿ ವಾಪಸ್ ಕೊಡು, ಕ್ಯಾಂಪ್ ಬಿಡು ಅಂತ 2017ರಾಗ ಷರತ್ತು ಬಂದುವು. ಮನಿನೂ ಬೇಕು ನಾಗರಿಕತ್ವನೂ ಬೇಕು ಅಂದ್ರ ಹೆಂಗ? ಎಷ್ಟೋ ಮಂದಿಗೆ ಇನ್ನೊಂದು ಚಿಂತಿ, ನಾವು ಭಾರತದವರಾದ್ರ ಟಿಬೆಟ್ ಬೇಡಿಕಿ ಯಾರು ಎತ್ತಬೇಕು ಅಂತ.

ಇದ್ರ ಪರಿಣಾಮ ಕ್ಯಾಂಪಿನ್ಯಾಗ ಕಾಣ್ತೈತಿ. ಓದಿದ ಹುಡುಗ್ರು ಬೆಂಗಳೂರು, ಅಲ್ಲಿಂದ ಕೆನಡಾ, ಅಮೆರಿಕ, ಯುರೋಪ್. ಮನ್ಯಾಗ ಉಳದೋರು ವಯಸ್ಸಾದೋರು. ಹೊಲ ಉಳೋ ಕೈ ಸುತ್ತಲಿನ ಹಳ್ಳಿ ಮಂದಿದು. ಮಠಗಳೇನೋ ತುಂಬಿ ತುಳುಕ್ತಾವ, ಆದ್ರ 2008ರ ಆಮ್ಯಾಲೆ ಗಡಿ ಬಿಗಿ ಆಗಿ ಟಿಬೆಟಿನಿಂದ ಬರೋರು ಕಮ್ಮಿ ಆಗ್ಯಾರ, ಈಗ ಲಡಾಖ್, ಅರುಣಾಚಲ, ನೇಪಾಳದ ಹುಡುಗ್ರು ಹೆಚ್ಚಾಗ್ಯಾರ.

ಇತ್ತ ಕಲಘಟಗಿ ಕಡೆ ಸಿದ್ದಿಗಳಿಗೆ ಓಟಿನ ಚೀಟಿ ಐತಿ, ರೇಷನ್ ಕಾರ್ಡ್ ಐತಿ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ರ ಯಾರೂ ನೀ ಯಾವ ದೇಶದಾವ ಅನ್ನಂಗಿಲ್ಲ (ಬಸ್ಸಿನ್ಯಾಗ ಮಾತ್ರ ಇವತ್ತಿಗೂ ಕೇಳ್ತಾರ, ಅವರು ಪಕ್ಕಾ ಕನ್ನಡದಾಗ ಉತ್ತರ ಕೊಟ್ರ ಬಾಯಿ ಬಿಟ್ಕೊಂಡು ನೋಡ್ತಾರ). ಇಲ್ಲದ್ದು ಕಾಲ ಕೆಳಗಿನ ಭೂಮಿ ಹಕ್ಕುಪತ್ರ. 2020ರ ತಿದ್ದುಪಡಿ ಆದ ಮ್ಯಾಲೆ ಅದಕ್ಕ ದಾರಿ ಏನೋ ಆಗೈತಿ, ಆದ್ರ ಮೊದಲ ಜಾತಿ ಪ್ರಮಾಣಪತ್ರ ಆಗಬೇಕು, ಅದಕ್ಕ ತಹಶೀಲ್ದಾರ್ ಆಫೀಸಿನ್ಯಾಗ ಅಪ್ಪನ ಸಾಲಿ ದಾಖಲಿ ಕೇಳ್ತಾರ, ಅಪ್ಪ ಸಾಲಿ ಮೆಟ್ಟಲ ಹತ್ತಿರಂಗಿಲ್ಲ. ಅದಾದ ಮ್ಯಾಲೆ ಗ್ರಾಮಸಭಾ, ಆಮ್ಯಾಲೆ ಉಪವಿಭಾಗ ಸಮಿತಿ, ಆಮ್ಯಾಲೆ ಜಿಲ್ಲಾ ಸಮಿತಿ. ಫೈಲು ಈಗ ಅಲ್ಲೆಲ್ಲೋ ನಡುವ ಐತಿ.