ಕಂಗಾಲ್ ಎಂದರೆ ಕಾದಾಟದ ನಾಯಿ ಅಲ್ಲ

‘ತೋಳವನ್ನು ಸೀಳುವ ಫೈಟರ್’, ‘ಕಚ್ಚಿದರೆ 743 ಪಿಎಸ್‌ಐ’ (ಪಿಎಸ್‌ಐ ಅಂದರೆ ಒತ್ತಡದ ಅಳತೆ). ಕಂಗಾಲ್ ಬಗ್ಗೆ ಯಾವ ವಿಡಿಯೊ ತೆರೆದರೂ ಇದೇ ಮಾತು. ಆ 743ನ್ನು ಯಾರು, ಹೇಗೆ ಅಳೆದರು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇನ್ನಾದರೂ ಈ ಹೆಸರನ್ನು ಸರಿಯಾಗಿ ಬಳಸೋಣ.

ಕಂಗಾಲ್ ಎಂಬುದು ಟರ್ಕಿಯ ಸಿವಾಸ್ ಪ್ರಾಂತ್ಯದ ಒಂದು ಊರು. ನಾಯಿಗೆ ಆ ಊರಿನದೇ ಹೆಸರು. ಮೈ ತಿಳಿಗಂದು, ಮೂತಿ ಕಪ್ಪು. ಅದಕ್ಕೇ ‘ಕರಾಬಾಷ್’, ಅಂದರೆ ಕರಿತಲೆ, ಅಂತಲೂ ಕರೆಯುತ್ತಾರೆ. ಬಿಳಿ ಮೈಯ ಅಕ್ಬಾಷ್ ಬೇರೆ ತಳಿ. ಹೊರದೇಶಗಳಲ್ಲಿ ಇವನ್ನೆಲ್ಲ ‘ಅನಟೋಲಿಯನ್ ಶೆಫರ್ಡ್’ ಎಂಬ ಒಂದೇ ಹೆಸರಿಗೆ ಸೇರಿಸಿದ್ದರಿಂದ ಗೊಂದಲ ಶುರುವಾಯಿತು. ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಆ ಹೆಸರು ಬಿಟ್ಟು ಕಂಗಾಲ್ ಎಂಬ ಹೆಸರು ಬಳಸಲು ಶುರು ಮಾಡಿದ್ದು 2018ರಲ್ಲಿ.

ಆ ‘ಶೆಫರ್ಡ್’ (ಕುರಿಗಾಹಿ) ಪದದಿಂದ ಇನ್ನೊಂದು ತಪ್ಪು ಹುಟ್ಟಿದೆ. ಕಂಗಾಲ್ ಕುರಿ ಅಟ್ಟುವ ನಾಯಿ ಅಲ್ಲ, ಕುರಿ ಕಾಯುವ ನಾಯಿ. ಬಾರ್ಡರ್ ಕೋಲಿ ಕುರಿಗಳನ್ನು ಓಡಿಸಿ, ತಿರುಗಿಸಿ, ಗುಂಪು ಮಾಡುತ್ತದೆ. ಕುರುಬ ಸಿಳ್ಳೆ ಹಾಕಿ ಹೇಳಿದ ಹಾಗೆ ಮಾಡುತ್ತದೆ. ಕಂಗಾಲ್ ಹಾಗಲ್ಲ. ಮರಿಯಾಗಿದ್ದಾಗಿಂದಲೇ ಕುರಿಗಳ ನಡುವೆ ಬೆಳೆಯುತ್ತದೆ, ಹಿಂಡನ್ನು ತನ್ನದೆಂದು ತಿಳಿಯುತ್ತದೆ. ಎತ್ತರದ ಜಾಗದಲ್ಲಿ ಮಲಗಿ ಸುತ್ತ ನೋಡುತ್ತಿರುತ್ತದೆ. ತೋಳದ ಸುಳಿವು ಸಿಕ್ಕರೆ ಎದ್ದು, ಹಿಂಡಿಗೂ ತೋಳಕ್ಕೂ ನಡುವೆ ನಿಂತು ಬೊಗಳುತ್ತದೆ. ಹೆಚ್ಚಿನ ಸಲ ಅಷ್ಟೇ ಸಾಕು. ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಮೈಮೇಲೆ ಬೀಳುತ್ತದೆ. ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ, ಕಾಯಲೂಬಾರದು. ನಮ್ಮ ಬಯಲುಸೀಮೆಯ ಕುರಿಗಾಹಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಿ ಕಾಯುವ ನಾಯಿ ಅವರಿಗೆ ಚೆನ್ನಾಗಿ ಗೊತ್ತು.

ವಿಡಿಯೊಗಳಲ್ಲಿ ಕಾಣುವ ಆ ಮುಳ್ಳಿನ ಕಬ್ಬಿಣದ ಪಟ್ಟಿಯೂ ಜಗಳಕ್ಕೆ ಕಟ್ಟಿದ್ದಲ್ಲ. ತೋಳ ಕುತ್ತಿಗೆಗೆ ಬಾಯಿ ಹಾಕದಿರಲಿ ಅಂತ ಕಟ್ಟಿದ್ದು.

ಈ ನಾಯಿಗಳಿಂದ ಕಾಡುಪ್ರಾಣಿಗಳಿಗೂ ಉಪಕಾರವಾಗಿದೆ. ನಮೀಬಿಯಾದಲ್ಲಿ ಚೀತಾ ಸಂರಕ್ಷಣಾ ನಿಧಿ 1994ರಿಂದ ಟರ್ಕಿ ಮೂಲದ ಕಾವಲು ನಾಯಿಗಳನ್ನು ರೈತರಿಗೆ ಕೊಡುತ್ತಾ ಬಂದಿದೆ. ಆಡು, ಕುರಿ ಉಳಿದರೆ ರೈತ ಚೀತಾಗೆ ಗುಂಡು ಹೊಡೆಯುವುದಿಲ್ಲ, ಅಲ್ವಾ?

2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆ ಸಾಕಲು, ಮಾರಲು ಬಿಡಬಾರದ ‘ಅಪಾಯಕಾರಿ’ ತಳಿಗಳ ಪಟ್ಟಿ ಮಾಡಿ, ಪಿಟ್‌ಬುಲ್ ಜೊತೆ ಕಂಗಾಲ್, ಅಕ್ಬಾಷ್ ಹೆಸರನ್ನೂ ಸೇರಿಸಿತು. ಸಂಬಂಧಪಟ್ಟವರ ಮಾತು ಕೇಳಿಲ್ಲ ಎಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಬೆಂಗಳೂರಿನ ಫ್ಲ್ಯಾಟಿಗೆ ಸುಮ್ನೆ ಶೋಕಿಗೆ ಕಂಗಾಲ್ ತರಬೇಡಿ. ಗಂಡು ನಾಯಿ 50 ಕಿಲೋ ಮೀರಿ ತೂಗಬಹುದು. ರಾತ್ರಿ ಗಸ್ತು ತಿರುಗುವುದು, ಬೊಗಳುವುದು, ಅಪರಿಚಿತರನ್ನು ತಡೆಯುವುದು ಅದರ ಕೆಲಸ. ಕಾಯಲು ಹಿಂಡಿಲ್ಲದ ಕಡೆ ಅದು ಲಿಫ್ಟನ್ನೂ ಮೆಟ್ಟಿಲನ್ನೂ ಕಾಯಲು ಶುರು ಮಾಡುತ್ತದೆ.